ಟ್ಯಾಂಕಿನ ಹಿಂದೆ ಐದು ಸೊನ್ನೆ

ಮುಂಬೈನ ಭಾಂಡುಪ್‌ನಲ್ಲಿ ಭಾನುವಾರಗಳಂದು ಕನ್ನಡದ ಹುಡುಗರಿಗೆ ಗಣಿತ ಹೇಳಿಕೊಡುತ್ತೇನೆ. ಆಪ್ತಸಲಹೆ ಆಮೇಲೆ ಅಂಟಿಕೊಂಡದ್ದು. ಮೊದಮೊದಲು ಗಾಂಜಾ ಮಾತು ಬಂದರೆ 1985ರ ಮಾದಕವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಓದುತ್ತಿದ್ದೆ: ಸೇದಿ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹುಡುಗರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ನನಗೆ ಬುದ್ಧಿ ಬಂದದ್ದು ಒಬ್ಬ ತಾಯಿ ಬಂದ ದಿನ. ಉಡುಪಿ ಕಡೆಯವರು, ಗಂಡ ಹೋಟೆಲಿನಲ್ಲಿ ಕ್ಯಾಷಿಯರ್. ಮಗನ ಬ್ಯಾಗಿನಲ್ಲಿ ಸಿಕ್ಕ ಐ ಡ್ರಾಪ್ಸನ್ನೂ ತೆಳು ಕಾಗದದ ಪುಟ್ಟ ಕಟ್ಟನ್ನೂ ಮೇಜಿನ ಮೇಲಿಟ್ಟು, "ಮಾಸ್ಟ್ರೇ, ಇವನಿಗೆ ಕಣ್ಣುನೋವು ಇಲ್ಲ. ಈ ಕಾಗದ ಎಂತಕ್ಕೆ?" ಎಂದರು. ಜಾಯಿಂಟ್, ಅಂದರೆ ಗಾಂಜಾ ತುಂಬಿದ ಸಿಗರೇಟು, ಸುತ್ತುವ ಕಾಗದ ಅದು. ಡ್ರಾಪ್ಸ್, ಕೆಂಪು ಕಣ್ಣು ಮರೆಸಲು.

ಹುಡುಗನಿಗೆ ಹದಿನಾರು. ಎಲ್ಲಿಂದ ತಂದೆ ಎಂದು ಕೇಳಲಿಲ್ಲ. "ಮೊದಲ ದಿನ ಯಾರ ಪಕ್ಕ ಕೂತಿದ್ದೆ?" ಎಂದೆ. ಅವನು ಟೆರೇಸಿನ ನೀರಿನ ಟ್ಯಾಂಕ್ ಬರೆದು, ಹಿಂದೆ ಐದು ಸೊನ್ನೆ ಸುತ್ತಿದ. ತಾನು ನಾಲ್ಕನೆಯವ. ಮೂರು ಕೈ ದಾಟಿ ಬಂದಾಗ ಬೇಡ ಅನ್ನಲು ಬಾಯೇ ಬರಲಿಲ್ಲವಂತೆ.

"ಫಟ್ಟು, ಹೆದರುಪುಕ್ಕ ಅಂತಾರೆ ಅಂದ್ಕೊಂಡೆ ಸರ್."

"ಅಂದ್ರಾ?"

"ಇಲ್ಲ. ಯಾರೂ ಏನೂ ಅನ್ಲಿಲ್ಲ."

ಮುಂದಿನ ಭಾನುವಾರ ಹನ್ನೊಂದು ಮಂದಿಗೂ ಹೆಸರಿಲ್ಲದ ಚೀಟಿ ಕೊಟ್ಟೆ. ನಮ್ಮಲ್ಲಿ ಎಷ್ಟು ಜನ ಸೇದುತ್ತಾರೆ? ಕಳೆದ ತಿಂಗಳು ನೀನು ಸೇದಿದ್ದೀಯಾ? ಊಹೆಗಳು ಐದು, ಆರು, ಎಂಟು. ಹೌದು ಎಂದವರು ಇಬ್ಬರು. ಒಬ್ಬಿಬ್ಬರು ಸುಳ್ಳು ಬರೆದಿದ್ದರೂ ಎಂಟಾಗುವುದಿಲ್ಲ. ಲೆಕ್ಕ ಬೋರ್ಡಿಗೆ ಬಂದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ಪೆನ್ನನ್ನೇ ಜಾಯಿಂಟ್ ಮಾಡಿ ಗುಂಡಗೆ ಕೂರಿಸಿದೆ. ಕೈಗೆ ಬಂದದ್ದನ್ನು ತಡೆಯದೆ ಪಕ್ಕದವನಿಗೆ ದಾಟಿಸಬೇಕು, ಅಷ್ಟರಲ್ಲೇ ಬೇರೆ ಮಾತು ತೆಗೆಯಬೇಕು. ಉಪದೇಶ ಮಾಡಿದವನು ಸೋತ. ಒಳ್ಳೆಯ ನೆಪ ಹುಡುಕಿದವನು ನಮ್ಮ ನಾಲ್ಕನೆಯ ಸೊನ್ನೆಯೇ: "ಅಪ್ಪ ರಾತ್ರಿ ಬಂದು ಬಾಯಿ ಮೂಸ್ತಾರೆ." ಅಪ್ಪ ಮೂಸುತ್ತಿರಲಿಲ್ಲ. ವಿಷಯ ಹೇಳಿದ ಮೇಲೆ ಶುರುಮಾಡಿದರು.

ಚೀಟಿಯಲ್ಲಿ ಹೌದು ಎಂದ ಇನ್ನೊಬ್ಬ ತಾನಾಗಿ ಬಂದು ಹೇಳಿಕೊಂಡ. ಅವನ ಹತ್ತಿರ ಇದ್ಯಾವುದೂ ನಡೆಯಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಡೆನಿಸ್ ಕ್ಯಾಂಡೆಲ್ 1978ರಲ್ಲೇ ಹೈಸ್ಕೂಲು ಗೆಳೆಯರನ್ನು ಗಮನಿಸಿ ಹೇಳಿದ್ದರು: ಗೆಳೆತನದಿಂದ ಒಂದೇ ಥರ ಆಗುವವರಿದ್ದಾರೆ, ಒಂದೇ ಥರ ಇದ್ದುದಕ್ಕೆ ಗೆಳೆಯರಾದವರೂ ಇದ್ದಾರೆ. ಇವನು ಎರಡನೆಯ ಜಾತಿ. ನಿದ್ದೆ ಬಾರದೆ ಒಬ್ಬನೇ ಸೇದುತ್ತಿದ್ದವನು, ಗುಂಪನ್ನು ಆಮೇಲೆ ಹುಡುಕಿಕೊಂಡ. ಇವನಿಗೆ ಬೇಕಿದ್ದದ್ದು ಮನೋವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನಾನೇ ಡಯಲ್ ಮಾಡಿ ಫೋನು ಅವನ ಕೈಗಿಟ್ಟೆ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆಂದು ಅವನ ಅಪ್ಪನಿಗೆ ದಿಗಿಲು. ಮತ್ತೆ ಅದೇ ಕಾಯ್ದೆ ತೆಗೆದೆ, ಈ ಸಲ 64ಎ ಕಲಮು: ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಗೆ ತಾನಾಗಿ ಹೋಗಿ ಚಿಕಿತ್ಸೆ ಪೂರ್ತಿ ಪಡೆಯುವ ವ್ಯಸನಿಯನ್ನು ಸೇದಿದ್ದಕ್ಕಾಗಿ ಶಿಕ್ಷೆಗೆ ಎಳೆಯುವಂತಿಲ್ಲ. ಅವರು ಅದನ್ನು ಎರಡು ಸಲ ಓದಿಸಿಕೊಂಡರು. ಮಂಗಳವಾರ ಕೆಲಸಕ್ಕೆ ರಜೆ ಹಾಕಿ ಮಗನ ಜೊತೆ ಹೋದರು.