ಡಿಸೆಂಬರ್ ರಜೆಯ ಲೇಸರ್ ಚಿಕಿತ್ಸೆ ಮತ್ತು ಎಫ್‌ಎಸ್‌ಎ ಲೆಕ್ಕ

ಅಮೆರಿಕದಲ್ಲಿ 11 ವರ್ಷ ಇದ್ದು ಬೆಂಗಳೂರಿಗೆ ಮರಳಿದ ಮೇಲೆ, ಪ್ರತಿ ಡಿಸೆಂಬರಿನಲ್ಲೂ ಜಯನಗರದ ನಮ್ಮ ಮನೆಗೆ ಬರುವ ಅಲ್ಲಿನ ಬಂಧುಮಿತ್ರರಲ್ಲಿ ಒಬ್ಬರಾದರೂ, ಈ ಸಲ ಕಣ್ಣಿಗೆ ಲೇಸರ್ ಮಾಡಿಸಿಕೊಂಡೇ ಹೋಗುತ್ತೇನೆ ಎನ್ನುತ್ತಾರೆ. ಹಾಗೆನ್ನುವವರ ಕಣ್ಣಿನಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇರುವುದನ್ನು ಕಂಡರೆ ನನಗೆ 2018ರ ಡಿಸೆಂಬರ್ ನೆನಪಾಗುತ್ತದೆ. ದೃಷ್ಟಿದೋಷ ತಿದ್ದುವ ಈ ಲೇಸರ್ ಚಿಕಿತ್ಸೆ, ಅಂದರೆ ಲಾಸಿಕ್ ಎಂದರೇನು, ನೋಯುತ್ತದೆಯೇ ಎಂಬುದನ್ನೆಲ್ಲ ಅವರು ಓದಿಕೊಂಡೇ ಬಂದಿರುತ್ತಾರೆ. ತಾರೀಖಿನ ಲೆಕ್ಕವನ್ನು ಮಾತ್ರ ಯಾರೂ ಹಾಕಿರುವುದಿಲ್ಲ.

ಅಮೆರಿಕದ ಆರೋಗ್ಯ ವಿಮೆ ಈ ಚಿಕಿತ್ಸೆಯನ್ನು ಅನಿವಾರ್ಯವೆಂದು ಪರಿಗಣಿಸದ ಕಾರಣ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕಣ್ಣಿನ ವಿಮೆಯವರು ಹೆಚ್ಚೆಂದರೆ ರಿಯಾಯಿತಿ ಕೊಡಿಸುತ್ತಾರೆ. ಅಲ್ಲಿ ಒಂದು ಕಣ್ಣಿಗೆ 2,000 ಡಾಲರಿನ ಆಸುಪಾಸು ಬೀಳುವ ಖರ್ಚನ್ನು ಹಗುರ ಮಾಡುವುದು ಎಫ್‌ಎಸ್‌ಎ, ಅಂದರೆ ಆರೋಗ್ಯದ ಖರ್ಚಿಗೆಂದು ತೆರಿಗೆ ಕಡಿತಕ್ಕೆ ಮುಂಚೆಯೇ ಸಂಬಳದಿಂದ ತೆಗೆದಿಡುವ ಹಣ. 2025ರಲ್ಲಿ ಒಬ್ಬ ನೌಕರ ಹೀಗೆ ತೆಗೆದಿಡಬಹುದಾಗಿದ್ದ ಮಿತಿ 3,300 ಡಾಲರ್. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಇಬ್ಬರಿಗೂ ಪ್ರತ್ಯೇಕ ಮಿತಿಯುಂಟು. ಚಿಕಿತ್ಸೆ ಬೆಂಗಳೂರಿನಲ್ಲಿ ನಡೆದರೂ ಈ ಹಣ ಸಲ್ಲುತ್ತದೆ. ಎಚ್‌ಎಸ್‌ಎ, ಅಂದರೆ ಆರೋಗ್ಯದ ಖರ್ಚಿಗೆಂದೇ ಇರುವ ಉಳಿತಾಯ ಖಾತೆ ಇರುವವರು ಕಣ್ಣು ಮತ್ತು ಹಲ್ಲಿಗೆ ಸೀಮಿತವಾದ ಎಫ್‌ಎಸ್‌ಎಯನ್ನು ಮಾತ್ರ ಜೊತೆಗಿಟ್ಟುಕೊಳ್ಳಬಹುದು. ಎಚ್‌ಎಸ್‌ಎ ಹಣ ವರ್ಷ ಉರುಳಿದರೂ ನಿಮ್ಮದಾಗಿಯೇ ಉಳಿಯುತ್ತದೆ. ಎಫ್‌ಎಸ್‌ಎ ಹಣ ಸಾಮಾನ್ಯವಾಗಿ ಉಳಿಯುವುದಿಲ್ಲ.

ನಾನು 2018ರಲ್ಲಿ 2,600 ಡಾಲರ್ ತೆಗೆದಿಟ್ಟು, ಡಿಸೆಂಬರ್ 14ರಂದು ಬೆಂಗಳೂರಿನಲ್ಲಿ ಇಳಿದೆ. ಮೂರು ದಿನ ಬಿಟ್ಟು ಕಣ್ಣಾಸ್ಪತ್ರೆಯೊಂದಕ್ಕೆ ಹೋದಾಗ, ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ನಕ್ಷೆ ತೆಗೆಯುತ್ತಿದ್ದ ಹುಡುಗಿ ಎರಡು ಸಲ ಅಳತೆ ಮಾಡಿ, ಮೂರನೆಯ ಸಲವೂ ಗದ್ದ ಇಡಲು ಹೇಳಿ, ಕೊನೆಗೆ, ‘ಲೆನ್ಸ್ ಯಾವಾಗ ತೆಗೆದಿರಿ ಸರ್?’ ಎಂದು ಕೇಳಿದಳು. ಆ ಬೆಳಿಗ್ಗೆಯಷ್ಟೇ ತೆಗೆದಿದ್ದೆ. ಒಬ್ಬಟ್ಟಿನ ಕಣಕವನ್ನು ಒತ್ತಿದರೆ ಗುಳಿ ಬಿದ್ದು ಮೆಲ್ಲಗೆ ಮೇಲೇಳುವಂತೆ, ದಿನವೂ ಲೆನ್ಸ್ ಹೊತ್ತ ಕಾರ್ನಿಯಾ ತನ್ನ ಸಹಜ ಆಕಾರಕ್ಕೆ ಮರಳಲು ಸಮಯ ತೆಗೆದುಕೊಳ್ಳುತ್ತದೆ. ಅದರ ದಪ್ಪವೇ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು; ತಪ್ಪು ಅಳತೆ ನಂಬಿ ಲೇಸರ್ ಸವೆಸಿದ್ದನ್ನು ಮತ್ತೆ ತುಂಬಲಾಗದು. ಸಾಧಾರಣ ಮೃದು ಲೆನ್ಸನ್ನು ತಪಾಸಣೆಗೆ ಎರಡು ವಾರ ಮೊದಲೇ ನಿಲ್ಲಿಸಬೇಕು. ಸಿಲಿಂಡರ್ ಪವರ್‌ಗೆ ಹಾಕುವ ಟೋರಿಕ್ ಲೆನ್ಸ್ ಮತ್ತು ಗಾಳಿ ಹಾಯಬಲ್ಲ ಗ್ಯಾಸ್ ಪರ್ಮಿಯಬಲ್ ಲೆನ್ಸಿಗೆ ಕನಿಷ್ಠ ಮೂರು ವಾರ, ಹಳೆಯ ಗಟ್ಟಿ ಲೆನ್ಸಿಗೆ ನಾಲ್ಕು. ನನ್ನದು ಟೋರಿಕ್. ವೈದ್ಯರು ಜನವರಿ 7ಕ್ಕೆ ಬನ್ನಿ ಎಂದರು. ನನ್ನ ವಿಮಾನ ಜನವರಿ 5ಕ್ಕೆ.

ಆಗ ನನಗೊಂದು ಜಾಣತನ ಹೊಳೆಯಿತು. ಹಣವನ್ನು ಡಿಸೆಂಬರಿನಲ್ಲೇ ಕಟ್ಟಿ, ವಿಮಾನವನ್ನು ಮುಂದೂಡಿ, ಜನವರಿಯಲ್ಲಿ ಚಿಕಿತ್ಸೆ ಮಾಡಿಸಿಕೊಂಡರೆ ಖರ್ಚು ಹಳೆಯ ವರ್ಷಕ್ಕೇ ಸೇರುತ್ತದೆ ಎಂದುಕೊಂಡೆ. ಇದೇ ಎಲ್ಲರೂ ಬೀಳುವ ಹಳ್ಳ. ಎಫ್‌ಎಸ್‌ಎಗೆ ಬೇಕಾದುದು ಹಣ ಕಟ್ಟಿದ ತಾರೀಖಲ್ಲ, ಚಿಕಿತ್ಸೆ ನಡೆದ ತಾರೀಖು. ನನ್ನ ಕಂಪನಿಯ ಯೋಜನೆಯಲ್ಲಿ ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವಾಗಲಿ, ಎರಡೂವರೆ ತಿಂಗಳ ಹೆಚ್ಚುವರಿ ಗಡುವಾಗಲಿ ಇರಲಿಲ್ಲ. ಅವಸರದಲ್ಲಿ ನಾಲ್ಕನೇ ಬ್ಲಾಕಿನಲ್ಲಿ ಎರಡು ಕನ್ನಡಕ ಮಾಡಿಸಿದೆ. ಅಂಗಡಿಯವರು ಕೊಟ್ಟ ಚೀಟಿಯಲ್ಲಿ ‘ಕನ್ನಡಕ 2’ ಎಂದೂ ಮೊತ್ತವೂ ಇದ್ದವೇ ಹೊರತು, ನನ್ನ ಹೆಸರೂ ಇರಲಿಲ್ಲ, ತಾರೀಖೂ ಇರಲಿಲ್ಲ. ಅರ್ಜಿ ತಿರಸ್ಕೃತವಾಗಿ, ಅಮ್ಮ ಫೆಬ್ರವರಿಯ ಬಿಸಿಲಿನಲ್ಲಿ ಮತ್ತೆ ಆ ಅಂಗಡಿಗೆ ನಡೆದು ಸರಿಯಾದ ರಸೀದಿ ಬರೆಸಿ ಕಳಿಸಬೇಕಾಯಿತು. ಆದರೂ 2,000 ಡಾಲರಿಗೂ ಹೆಚ್ಚು ಹಣ ಮುಳುಗಿತು.

ಆದ್ದರಿಂದ ನಾನು ಹೇಳುವುದು: ಚಿಕಿತ್ಸೆಯನ್ನು ವರ್ಷದ ಕೊನೆಗೆ ಇಡಬೇಡಿ, ಆರಂಭಕ್ಕೆ ಇಡಿ. ಸಂಬಳದಿಂದ ಕಂತುಕಂತಾಗಿ ಕಡಿತವಾದರೂ, ಇಡೀ ವರ್ಷದ ಎಫ್‌ಎಸ್‌ಎ ಮೊತ್ತ ಯೋಜನೆಯ ಮೊದಲ ದಿನದಿಂದಲೇ ಬಳಕೆಗೆ ಸಿಗುತ್ತದೆ. ನಡುವೆ ಕೆಲಸ ಬಿಟ್ಟರೂ ಬಳಸಿದ್ದನ್ನು ಮಾಲೀಕರು ವಾಪಸು ಕೇಳುವಂತಿಲ್ಲ, ಬಳಸದೆ ಬಿಟ್ಟದ್ದು ಮಾತ್ರ ಹೋಗುತ್ತದೆ. ನಾನು ಕೊನೆಗೆ 2020ರ ಜನವರಿಯಲ್ಲಿ ಅಮೆರಿಕದಲ್ಲಿಯೇ ಮಾಡಿಸಿಕೊಂಡೆ.

ಬೆಂಗಳೂರು, ಅಮೆರಿಕ ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ, ತಪಾಸಣೆಗೆ ನಾನು ಬೆಂಗಳೂರನ್ನೇ ಮೆಚ್ಚುತ್ತೇನೆ. ಇಲ್ಲಿ ಕತ್ತರಿ ಹಿಡಿಯುವ ವೈದ್ಯರೇ ಎದುರು ಕುಳಿತು ನಕ್ಷೆ ತೋರಿಸಿ, ಈಗ ಬೇಡ ಎಂದರು. ಅಲ್ಲಿ ನಾನು ಶಸ್ತ್ರಚಿಕಿತ್ಸಕರ ಮುಖ ನೋಡಿದ್ದು ಚಿಕಿತ್ಸೆಯ ದಿನವೇ. ಅನಂತರದ ಆರೈಕೆಯಲ್ಲಿ ಮಾತ್ರ ರಜೆಗೆ ಬಂದವರಿಗೆ ಬೆಂಗಳೂರು ದೂರವಾಗುತ್ತದೆ, ಏಕೆಂದರೆ ಮರುದಿನದಿಂದ ಆರಂಭಿಸಿ ಕೆಲವು ತಿಂಗಳವರೆಗೆ ಕಣ್ಣು ತೋರಿಸುತ್ತಿರಬೇಕು ಮತ್ತು ಬೇರೆಯವರು ಮಾಡಿದ ಚಿಕಿತ್ಸೆಯ ಹೊಣೆ ಹೊರಲು ಅಲ್ಲಿನ ಅನೇಕ ವೈದ್ಯರು ಹಿಂಜರಿಯುತ್ತಾರೆ. ಇಲ್ಲಿಯೇ ಮಾಡಿಸುವುದಾದರೆ, ಟಿಕೆಟ್ ತೆಗೆಯುವ ಮೊದಲೇ ನಿಮ್ಮ ಊರಿನ ಕಣ್ಣಿನ ವೈದ್ಯರಿಂದ ಮುಂದಿನ ತಪಾಸಣೆಗೆ ಒಪ್ಪಿಗೆ ಪಡೆಯಿರಿ. ಹೊರಡುವಾಗ ಚಿಕಿತ್ಸೆಗೆ ಮುಂಚಿನ ನಕ್ಷೆ, ಚಿಕಿತ್ಸೆಯ ವಿವರ ಮತ್ತು ಹಾಕುತ್ತಿರುವ ಹನಿಗಳ ಹೆಸರು ಬರೆದ ಚೀಟಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ.