ಗಾಲ್ವೆಸ್‌ನ ಕುದುರೆಯನ್ನು ತಾಮ್ರದಲ್ಲಿ ಕೆತ್ತಿದ ಬಗೆ

ಮೆಕ್ಸಿಕೊ ನಗರದ ಚಪುಲ್ತೆಪೆಕ್ ಕೋಟೆಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಬೆರ್ನಾರ್ದೊ ದೆ ಗಾಲ್ವೆಸ್‌ನ ಅಶ್ವಾರೂಢ ಚಿತ್ರವೊಂದಿದೆ. ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನದ ಗವರ್ನರ್ ಆಗಿದ್ದು, 1781ರಲ್ಲಿ ಫ್ಲಾರಿಡಾದ ಪೆನ್ಸಕೋಲಾವನ್ನು ಬ್ರಿಟಿಷರಿಂದ ಗೆದ್ದು, 1785ರಲ್ಲಿ ನ್ಯೂ ಸ್ಪೇನಿನ (ಇಂದಿನ ಮೆಕ್ಸಿಕೊವನ್ನು ಒಳಗೊಂಡಿದ್ದ ಸ್ಪೇನಿನ ವಸಾಹತು) ವೈಸ್‌ರಾಯ್ ಆದ ಈತ 1786ರಲ್ಲಿ ತೀರಿಕೊಂಡ, ಚಿತ್ರ 1796ರದ್ದು. ಅದರಲ್ಲಿ ಮುಖ ಮತ್ತು ಕೈಗಳಿಗೆ ಮಾತ್ರ ಸಹಜ ಬಣ್ಣವಿದೆ. ಉಳಿದಂತೆ ಕುದುರೆಯೂ ಸವಾರನ ಉಡುಪೂ ಕಪ್ಪು ಹಿನ್ನೆಲೆಯ ಮೇಲೆ ಸುರುಳಿ ಸುರುಳಿಯಾಗಿ ಹರಿಯುವ ಬಿಳಿ ಗೆರೆಗಳಿಂದಲೇ ಮೂಡಿವೆ. ಚಿತ್ರಕಾರ ವೆಲಾಸ್ಕೆಸ್ ಬರೆದ, 1778ರಲ್ಲಿ ಇನ್ನೊಬ್ಬ ಚಿತ್ರಕಾರ ಗೋಯಾ ಆಮ್ಲದಿಂದ ತಗಡು ಕೊರೆದು ಅಚ್ಚು ತೆಗೆಯುವ ಎಚ್ಚಿಂಗ್‌ನಲ್ಲಿ ಮತ್ತೆ ಮೂಡಿಸಿದ ಸ್ಪೇನಿನ ಅರಸರ ಕುದುರೆಗಳಲ್ಲಿ ಮಾಂಸಖಂಡದ ಭಾರವಿದೆ. ಇಲ್ಲಿರುವುದು ಲೇಖನಿಯ ಓಟ. ಸಾಗರದಾಚೆಯ ನಾಡುಗಳನ್ನು ಆಜ್ಞಾಪತ್ರಗಳ ಮೂಲಕ ಆಳಿದ ಸಾಮ್ರಾಜ್ಯದ ಅಧಿಕಾರಿಯನ್ನು ಸಹಿಯ ಕೆಳಗೆ ಎಳೆಯುವಂಥ ಸುರುಳಿಗಳಿಂದಲೇ ಕಟ್ಟಿರುವುದು ನನಗೆ ಬಹಳ ಅರ್ಥಪೂರ್ಣವೆನಿಸಿತು. ಈ ಗೆರೆಯನ್ನು, ಲೋಹ ಕೆತ್ತುವ ಚೂಪಾದ ಉಕ್ಕಿನ ಉಳಿಯಾದ ಬ್ಯೂರಿನ್‌ನಿಂದಲೇ ಕೆತ್ತಬೇಕೆಂದು ನಿರ್ಧರಿಸಿದ್ದು ಆ ಕಾರಣಕ್ಕೆ.

ಚಿತ್ರದ ಛಾಯಾಪ್ರತಿಯಿಂದ ಗೆರೆಗಳನ್ನು ಟ್ರೇಸಿಂಗ್ ಕಾಗದಕ್ಕೆ ಇಳಿಸಿಕೊಂಡು, ಅಚ್ಚಿನಲ್ಲಿ ದಿಕ್ಕು ಸರಿಯಾಗಿ ಬರುವಂತೆ ಕಾಗದವನ್ನು ಮಗುಚಿ ತಾಮ್ರದ ತಗಡಿಗೆ ವರ್ಗಾಯಿಸಿದೆ. ವಕ್ರರೇಖೆ ಕೆತ್ತುವಾಗ ಬ್ಯೂರಿನ್ ಹಿಡಿದ ಕೈ ಹೆಚ್ಚು ಚಲಿಸುವುದಿಲ್ಲ. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ತಗಡನ್ನೇ ಎಡಗೈಯಿಂದ ತಿರುಗಿಸುತ್ತ ಹೋಗಬೇಕು. ಲೇಖನಿಯ ಗೆರೆ ಒತ್ತಡಕ್ಕೆ ತಕ್ಕಂತೆ ಉಬ್ಬಿ ಸಣ್ಣಗಾಗುವಂತೆಯೇ, ಉಳಿಯ ತುದಿ ಆಳಕ್ಕಿಳಿದಲ್ಲಿ ಗೆರೆ ಅಗಲವಾಗುತ್ತದೆ, ಮೇಲೆದ್ದಲ್ಲಿ ಕೂದಲೆಳೆಯಷ್ಟು ತೆಳುವಾಗುತ್ತದೆ. ಕುದುರೆಯ ಕುತ್ತಿಗೆಯಂಥ ಉದ್ದನೆಯ ಸುರುಳಿಯನ್ನು ಒಂದೇ ಉಸಿರಿಗೆ ಕೆತ್ತಲಾಗದು. ಆದ್ದರಿಂದ ಗೆರೆ ಸಣ್ಣಗಾಗುವ ಸ್ಥಳದಲ್ಲಿ ನಿಲ್ಲಿಸಿ, ಅಲ್ಲಿಂದಲೇ ಮತ್ತೆ ಹಿಡಿದರೆ ಬೆಸುಗೆ ಕಾಣುವುದಿಲ್ಲ. ಎರಡು ಗೆರೆಗಳು ಅಡ್ಡಹಾಯುವಲ್ಲಿ ಮೊದಲ ಗೆರೆಯ ಅಂಚಿನಲ್ಲೆದ್ದ ಬರ್ ಅನ್ನು, ಅಂದರೆ ಲೋಹದ ಸಣ್ಣ ಏಣನ್ನು, ಸ್ಕ್ರೇಪರ್‌ನಿಂದ ಪೂರ್ತಿ ತೆಗೆದ ಬಳಿಕವೇ ಎರಡನೆಯದನ್ನು ಎಳೆಯುತ್ತಿದ್ದೆ. ಇಲ್ಲವಾದರೆ ತುದಿ ಅಲ್ಲಿ ತಡೆದು ಜಾರುತ್ತದೆ.

ತಾಮ್ರಕೆತ್ತನೆಯನ್ನು ವಾಡಿಕೆಯಂತೆ ಮುದ್ರಿಸಿದರೆ ಮಸಿ ಗೆರೆಯೊಳಗೆ ನಿಂತು, ಬಿಳಿ ಕಾಗದದ ಮೇಲೆ ಕಪ್ಪು ಕುದುರೆ ಬರುತ್ತದೆ. ಮೂಲದ ಗುಣವಿರುವುದು ಕತ್ತಲಲ್ಲಿ ಹೊಳೆಯುವ ಬಿಳಿ ಗೆರೆಯಲ್ಲಿ. ಆದಕಾರಣ ಗೆರೆಗಳಿಗೆ ಮಸಿ ತುಂಬದೆ, ಗಟ್ಟಿ ರೋಲರ್‌ನಿಂದ ತಗಡಿನ ಮೇಲ್ಮೈಗಷ್ಟೇ ಬಿಗಿಯಾದ ಮಸಿಯನ್ನು ತೆಳುವಾಗಿ ಸವರಿ, ಮರದಚ್ಚಿನ ಕ್ರಮದಲ್ಲಿ ಮುದ್ರಿಸಿದೆ. ಈ ಕ್ರಮಕ್ಕೆ ಗೆರೆಗಳು ಸಾಕಷ್ಟು ಆಳವಾಗಿರಬೇಕು, ಪ್ರೆಸ್‌ನ ಒತ್ತಡ ಕಡಿಮೆಯಿರಬೇಕು.

ಮುಖಕ್ಕೆ ಗೆರೆಯ ಬದಲು ಬ್ಯೂರಿನ್‌ನ ತುದಿಯಿಂದ ಚುಕ್ಕಿಗಳನ್ನಿಟ್ಟೆ. ಈ ಮುದ್ರಣದಲ್ಲಿ ಚುಕ್ಕಿಯೇ ಬೆಳಕಾಗುವುದರಿಂದ ಹಣೆ, ಮೂಗಿನ ಏಣುಗಳಲ್ಲಿ ಅವು ಒತ್ತಾಗಿವೆ, ಕೆನ್ನೆಯ ನೆರಳಿನಲ್ಲಿ ವಿರಳವಾಗಿವೆ. ನೆನೆಸಿದ ದಪ್ಪ ಕಾಗದವು ಗೆರೆಯೊಳಕ್ಕೆ ಇಳಿದು ಅಂಚಿನ ಮಸಿಯನ್ನೂ ಎತ್ತಿಕೊಳ್ಳುತ್ತದೆಯಾದ್ದರಿಂದ, ಅಂತಿಮ ಪ್ರತಿಗಳಿಗೆ ತೆಳುವಾದ, ನಯವಾದ ಒಣ ಕಾಗದವನ್ನೇ ಬಳಸಿದೆ.