ಸಾಕೆಟ್ ಹೊಂದಿದರೆ ಸಾಲದು: ಹಳೆಯ ಡೆಸ್ಕ್‌ಟಾಪ್‌ನ ಪ್ರೊಸೆಸರ್ ಬದಲಿಸಿದ ಅನುಭವ

ನನ್ನ ಡೆಸ್ಕ್‌ಟಾಪ್‌ನಲ್ಲಿದ್ದದ್ದು ಎಚ್61 ಚಿಪ್‌ಸೆಟ್‌ನ (ಪ್ರೊಸೆಸರನ್ನು ಬೋರ್ಡಿನ ಇತರ ಭಾಗಗಳೊಂದಿಗೆ ಬೆಸೆಯುವ ಚಿಪ್) ಮದರ್‌ಬೋರ್ಡ್ ಮತ್ತು ಇಂಟೆಲ್ ಐ3-2100 ಪ್ರೊಸೆಸರ್. ಟೈಪಿಂಗಿಗೂ ಲೆಕ್ಕಪತ್ರಕ್ಕೂ ಈ ಜೋಡಿ ಇಂದಿಗೂ ಸಾಕು. ಆದರೆ ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದಿರುವಾಗ ವಿಡಿಯೊ ಕರೆಯೂ ಬಂದರೆ ಎರಡೇ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಹಾಗಾಗಿ ಬೋರ್ಡು, ರ‍್ಯಾಮ್, ಕ್ಯಾಬಿನೆಟ್ ಉಳಿಸಿಕೊಂಡು ಪ್ರೊಸೆಸರ್ ಒಂದನ್ನೇ ಬದಲಿಸಲು ತೀರ್ಮಾನಿಸಿದೆ.

ನನ್ನ ಬೋರ್ಡಿನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಎಲ್‌ಜಿಎ 1155 ಮಾದರಿಯದು. ಇದರಲ್ಲಿ 2011ರ ಸ್ಯಾಂಡಿ ಬ್ರಿಜ್ ಮತ್ತು 2012ರ ಐವಿ ಬ್ರಿಜ್ ಎಂಬ ಎರಡೂ ಪೀಳಿಗೆಯ ಪ್ರೊಸೆಸರ್‌ಗಳು ಕೂರುತ್ತವೆ. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ. ಅದೇ ಕಾಲದ ಕ್ಯೂ65, ಕ್ಯೂ67, ಬಿ65 ಚಿಪ್‌ಸೆಟ್‌ಗಳಿಗೆ ಐವಿ ಬ್ರಿಜ್ ಬೆಂಬಲವನ್ನು ಇಂಟೆಲ್ ಅಧಿಕೃತವಾಗಿ ಕೊಡಲಿಲ್ಲ. ನಂತರ ಬಂದ ಎಲ್‌ಜಿಎ 1151 ಸಾಕೆಟ್ಟಿನ ಕಥೆ ಇನ್ನೂ ವಿಚಿತ್ರ: ಎಂಟನೆಯ ಪೀಳಿಗೆಯ ಪ್ರೊಸೆಸರ್ 100 ಅಥವಾ 200 ಸರಣಿಯ ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ವಿದ್ಯುತ್ ಸಂಪರ್ಕದ ವಿನ್ಯಾಸವೇ ಬೇರೆಯಾದ್ದರಿಂದ ನಡೆಯುವುದಿಲ್ಲ. ಆದ್ದರಿಂದ ಸಾಕೆಟ್ ಸಂಖ್ಯೆಯನ್ನಷ್ಟೇ ನೋಡಿ ದುಡ್ಡು ಕೊಡುವವರನ್ನು ಕಂಡರೆ ನನಗೆ ದಿಗಿಲಾಗುತ್ತದೆ.

ನಂಬಬೇಕಾದದ್ದು ಬೋರ್ಡ್ ತಯಾರಕರು ಪ್ರಕಟಿಸುವ ಸಿಪಿಯು ಬೆಂಬಲ ಪಟ್ಟಿಯನ್ನು. ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ರಿವಿಷನ್ ಸಂಖ್ಯೆಯನ್ನು ಟಾರ್ಚ್ ಹಿಡಿದು ಓದಿಕೊಂಡು, ಅದೇ ರಿವಿಷನ್ನಿನ ಪಟ್ಟಿಯನ್ನು ತೆರೆದೆ. ಮಾದರಿ ಒಂದೇ ಆದರೂ ರಿವಿಷನ್ ಬೇರೆಯಾದರೆ ಪಟ್ಟಿ ಬದಲಾಗಬಹುದು. ನಾನು ಆರಿಸಿಕೊಂಡ, ಐವಿ ಬ್ರಿಜ್ ಪೀಳಿಗೆಯ 77 ವ್ಯಾಟ್‌ನ ಐ5-3470 ಅದರಲ್ಲಿ ಇತ್ತು. ಅದು ಯಾವ ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಆವೃತ್ತಿಯಿಂದ ನಡೆಯುತ್ತದೆ ಎಂಬುದನ್ನೂ ಪಕ್ಕದ ಅಂಕಣ ಹೇಳುತ್ತಿತ್ತು. ನನ್ನ ಬೋರ್ಡಿನಲ್ಲಿದ್ದದ್ದು ಅದಕ್ಕಿಂತ ಹಳೆಯ ಆವೃತ್ತಿ.

ಇಲ್ಲಿ ಕೆಲಸದ ಕ್ರಮ ಮುಖ್ಯ. ಹೊಸ ಪ್ರೊಸೆಸರನ್ನು ಗುರುತಿಸಲಾರದ ಬಯಾಸ್ ಇರುವಾಗ ಅದನ್ನು ಕೂರಿಸಿದರೆ ಪರದೆಯೇ ಬೆಳಗುವುದಿಲ್ಲ. ಆದ್ದರಿಂದ ಹಳೆಯ ಐ3 ಇರುವಾಗಲೇ, ಯುಪಿಎಸ್ ಬ್ಯಾಟರಿ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಪೆನ್‌ಡ್ರೈವ್‌ನಿಂದ ಬಯಾಸ್ ಅಪ್‌ಡೇಟ್ ಮಾಡಿದೆ. ಕೆಲವು ಬೋರ್ಡುಗಳಿಗೆ ಇದಕ್ಕೂ ಮೊದಲು ಚಿಪ್‌ಸೆಟ್ಟಿನೊಳಗೆ ನಡೆಯುವ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಇಂಟೆಲ್ ಫರ್ಮ್‌ವೇರನ್ನು ಎಂಟನೆಯ ಆವೃತ್ತಿಗೆ ಏರಿಸಬೇಕಾಗುತ್ತದೆ, ಹಾಗಾಗಿ ತಯಾರಕರ ಸೂಚನೆಯನ್ನು ಪೂರ್ತಿ ಓದುವುದು ಕ್ಷೇಮ.

ಪ್ರೊಸೆಸರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಲೋಹದ ಮುಚ್ಚಳದ ಮೇಲೆ ಕೆತ್ತಿರುವ ಮಾದರಿ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೂ ಓದಬೇಕು. ಐ5-3350ಪಿಯಂಥದ್ದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ಓವರ್‌ಕ್ಲಾಕಿಂಗಿಗೆ (ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ) ಅವಕಾಶವಿಲ್ಲದ ಎಚ್61ರಲ್ಲಿ, ಅದಕ್ಕೆಂದೇ ಇರುವ 'ಕೆ' ಅಕ್ಷರಕ್ಕೆ ಹೆಚ್ಚು ದುಡ್ಡು ತೆರುವುದು ವ್ಯರ್ಥ.

ಜೋಡಣೆಯಲ್ಲಿ ಜೋಪಾನ ಮಾಡಬೇಕಾದದ್ದು ಸಾಕೆಟ್ಟಿನ ಪಿನ್ನುಗಳನ್ನು. ಬಟ್ಟೆಯ ಎಳೆ ಸಿಕ್ಕಿಕೊಂಡರೂ ಅವು ಬಾಗುತ್ತವೆ. ಅಂಚಿನ ಎರಡು ಕಚ್ಚುಗಳನ್ನು ಸಾಕೆಟ್ಟಿಗೆ ಸರಿಹೊಂದಿಸಿ ಪ್ರೊಸೆಸರನ್ನು ಒತ್ತದೆ ಇಳಿಸಿ, ಸಾಕೆಟ್ಟಿನ ಲಿವರನ್ನು ಮುಚ್ಚಿದೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ ಹೊಸದನ್ನು ಹಾಕಿ, ಕೂಲರಿನ ನಾಲ್ಕು ಪುಶ್-ಪಿನ್ನುಗಳನ್ನು ಕರ್ಣಾಕಾರವಾಗಿ ಎದುರುಬದುರಿನ ಜೋಡಿಯಂತೆ ಒತ್ತಿದೆ.

ಬಯಾಸ್ ಪರದೆಯಲ್ಲಿ ನಾಲ್ಕು ಕೋರ್‌ಗಳೂ ಕಾಣಿಸಿದವು, ವಿಡಿಯೊ ಕರೆಯ ತೊಡಕೂ ನೀಗಿತು. ಆದರೆ ಈ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ ಮತ್ತು ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೀಗಾಗಿ ಈ ಯಂತ್ರದಲ್ಲಿ ಈಗ ನಡೆಯುತ್ತಿರುವುದು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ.